ಧೋತರದ ಪರದೆಯ ಊಟ

ಹೊಳೆದಂಡೆಯ ಮಠದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಧೋತರದ ಪರದೆ ಕಟ್ಟಿ ಊರವರಿಗೆ ಸಿನಿಮಾ ತೋರಿಸುತ್ತಿದ್ದರು. ಪ್ರತಿ ವರ್ಷವೂ ಅದೇ ಹಳೆಯ ಸಿನಿಮಾ.

ಮಠಕ್ಕೆ ಹೊಸದಾಗಿ ಬಂದ ಶಿಷ್ಯ ಶಂಭುಲಿಂಗನಿಗೆ ಇದು ಬಗೆಹರಿಯಲಿಲ್ಲ. ಮೊದಲೇ ಅವನು ಹಾಲಿನಲ್ಲೂ ನೀರು ಹುಡುಕುವವನು.

“ಗುರುಗಳೇ, ಎಷ್ಟೋ ಸಿನಿಮಾ ಬಂದುವು, ಹೋದುವು. ಇದೊಂದು ಯಾಕ ಉಳೀತು?”

“ಅಳೆದು ನೋಡು.”

ಆ ವರ್ಷ ಶಂಭುಲಿಂಗ ಪರದೆಗೆ ಬೆನ್ನು ಹಾಕಿ ನಿಂತು, ಜನರ ಮುಖಗಳನ್ನೇ ನೋಡಿದ. ಸಿನಿಮಾದ ಒಂದು ಘಟ್ಟದಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ಯಾಕೆಂದು ಕೇಳಿದರೆ, “ದೇಶಾಂತರ ಹೋದ ಮಗ ಬಂದ. ತಾಯಿ ತನ್ನ ಪಾಲಿನ ಅನ್ನ ಅವಗ ಬಡಿಸಿದಳಲ್ಲ!” ಎಂದರು.

ಗುಟ್ಟು ಅಲ್ಲಿದೆ ಎಂದುಕೊಂಡ.

ಮರುವರ್ಷ ಆಟದ ದಿನ, ರೀಲನ್ನು ಬಿಸಿಲಿಗೆ ಹಿಡಿದು ಆ ದೃಶ್ಯ ಹುಡುಕಿದ. ತಾಯಿ ಬಾಗಿಲು ತೆರೆಯುತ್ತಾಳೆ. ಅಲ್ಲಿ ರೀಲಿನ ಎರಡು ತುದಿ ಕೂಡಿಸಿದ ಒಂದು ಅಂಟು. ಅಂಟಿನಾಚೆ ಬೆಳಗಾಗಿಬಿಟ್ಟಿದೆ. ಊಟವೇ ಇಲ್ಲ!

ಶಂಭುಲಿಂಗನ ಎದೆ ಉರಿಯಿತು. ತಂದೆಯಂತೆ ನಂಬಿದ ಗುರು ಇಡೀ ಊರಿಗೇ ಮಂಕುಬೂದಿ ಎರಚುತ್ತಿದ್ದಾರೆಯೆ? ಎಲ್ಲರೆದುರು ಬಯಲು ಮಾಡಿ ಹೊರಟುಬಿಡುವುದೆಂದು ಬಟ್ಟೆಬರೆ ಗಂಟು ಕಟ್ಟಿಕೊಂಡ.

ಕತ್ತಲಾಯಿತು, ಆಟ ಶುರುವಾಯಿತು. ತಾಯಿ ಬಾಗಿಲು ತೆರೆದಳು. ಗುರುಗಳು ಯಂತ್ರ ನಿಲ್ಲಿಸಿ, ರೀಲನ್ನು ದೀಪದ ಮುಂದಿನಿಂದ ಸರಿಸಿದರು. ಪರದೆ ಬೆಳ್ಳಗಾಯಿತು. ಜನ ಕಣ್ಣೊರೆಸಿಕೊಳ್ಳತೊಡಗಿದರು.

ಶಂಭುಲಿಂಗ ಗಂಟು ಹಿಡಿದು ಪರದೆಯ ಮುಂದೆ ಬಂದು ನಿಂತ.

“ಇದು ಮೋಸ! ಇಲ್ಲಿ ಊಟದ ಸೀನೇ ಇಲ್ಲ. ನಾ ಕಣ್ಣಾರೆ ನೋಡೇನಿ!”

ಯಾರೂ ಬೆಚ್ಚಲಿಲ್ಲ. ಮುಂದೆ ಕುಳಿತಿದ್ದ ಮುದುಕಿ ನೀಲವ್ವ ಸೆರಗಿನಿಂದ ಮೂಗೊರೆಸಿಕೊಂಡಳು.

“ಗೊತ್ತೈತಿ ಬಿಡೋ ತಮ್ಮಾ. ಅದು ಹರಿದುಹೋಗಿ ಭಾಳ ವರ್ಷ ಆತು. ನೀ ಅತ್ತಾಗ ಸರಿ, ಅಡ್ಡ ನಿಲ್ಲಬ್ಯಾಡ. ತಾಯಿ ಬಡಸಾಕತ್ತಾಳ.”

ಅವನು ನಾಚಿ ಸರಿದ. ಪರದೆಯ ಮೇಲಿನ ಅವನ ನೆರಳೂ ಸರಿಯಿತು.

ಗಂಟನ್ನು ಕೆಳಗಿಟ್ಟು ಗುರುಗಳ ಪಕ್ಕ ಕುಳಿತ. “ಮುಂದ ನಡಸಲೇನ್ರಿ?” ಎಂದು ಯಂತ್ರಕ್ಕೆ ಕೈ ಚಾಚಿದ.

ಗುರುಗಳು ಮೆಲ್ಲಗೆ ಅವನ ಕೈ ಹಿಡಿದರು.

“ತಡಿಯಪ್ಪ. ಮಗ ಉಂಡು ಏಳಲಿ.”