ಕಸ್ತೂರಿಯ ಕಾರಿನಲ್ಲಿ ಇದ್ದದ್ದು

ಡೈರಿಯಲ್ಲಿ ತಾರೀಖು 2006ರ ಡಿಸೆಂಬರ್ 3. ಮಡಿಕೇರಿಯ ವನಜಾಕ್ಷಮ್ಮ, ಬಿ.ಎ., ಅಂದು ಬರೆದಿದ್ದು ಇಷ್ಟೇ: ‘ಕಸ್ತೂರಿ ಹೊಸ ಕಾರು ತಂದಳು. ಬಣ್ಣ ಚೆನ್ನಾಗಿಲ್ಲ.’

ಕಸ್ತೂರಿ ಅವರ ವಾರಗಿತ್ತಿ, ಪಕ್ಕದ ಮನೆಯವಳು. ಕಾರು ವನಜಾಕ್ಷಮ್ಮನ ಕಾರಿನ ಮಾದರಿಯದೇ, ಹೊಸದು ಅಷ್ಟೆ. ಇನ್ನು ಹತ್ತು ದಿನಕ್ಕೆ ಸೋಮವಾರಪೇಟೆಯಲ್ಲಿ ನಾದಿನಿಯ ಮಗಳ ಮದುವೆ. ಬೆಳಗಿನ ಮುಹೂರ್ತ, ಕೊರೆಯುವ ಚಳಿ. ವನಜಾಕ್ಷಮ್ಮನ ಕಾರಿನಲ್ಲೋ, ಹೀಟರ್ ಹಾಕಿದರೆ ಸಿಹಿ ಸಿಹಿ ವಾಸನೆ, ಗಾಜಿಗೆಲ್ಲ ಮಂಜು, ಕಾಲಡಿಯ ಮ್ಯಾಟ್ ಒದ್ದೆ. ಕಸ್ತೂರಿ ಬೆಚ್ಚಗೆ ಇಳಿಯುವುದು, ತಾನು ನಡುಗುತ್ತ ಇಳಿಯುವುದು! ನೆನೆದರೇ ಹೊಟ್ಟೆ ಉರಿಯುತ್ತಿತ್ತು.

ಮನೆಯಲ್ಲಿದ್ದವನು ಮಗ ತಮ್ಮಯ್ಯ ಒಬ್ಬನೇ. ಮೂವತ್ತು ವರ್ಷ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ.

“ಮ್ಯಾಟಿನ ಮೇಲೆ ಪೇಪರ್ ಹಾಸಿ ಕೂತು ನೋಡೋ, ನೀರು ಎಲ್ಲಿಂದ ತೊಟ್ಟಿಕ್ಕುತ್ತೆ ಅಂತ.”

ಕೂತ. ಬೆಳಗಿನಿಂದ ಸಂಜೆವರೆಗೆ ಕೂತ. ಒಂದು ತೊಟ್ಟೂ ಬೀಳಲಿಲ್ಲ.

“ಇಂಜಿನ್ ಹಾಕಿದ್ಯೇನೋ?”

“ನೀನು ಹೇಳಲಿಲ್ವಲ್ಲ ಅಮ್ಮ!”

“ಅಯ್ಯೋ ಮಂಕುದಿಣ್ಣೆ! ಗಾಡಿ ಕಾದು ಕೆಂಡವಾದಾಗ ನೋಡಬೇಕು!”

“ಹೂಂ ಅಮ್ಮ.”

ಮರುದಿನ, “ರೇಡಿಯೇಟರಿನಲ್ಲಿ ನೀರೆಷ್ಟಿದೆ ನೋಡು” ಎಂದರು. ತಮ್ಮಯ್ಯ ಗಾಡಿ ಕಾಯಿಸಿದ, ಕಾದು ಕೆಂಡವಾಗುವವರೆಗೆ ಕಾಯಿಸಿದ, ಮುಚ್ಚಳ ತಿರುಗಿಸಿದ. ಬುಸ್ಸ್! ಮೂಗಿನ ತುದಿಯಲ್ಲಿ ನೆಲ್ಲಿಕಾಯಿಯಷ್ಟು ಬೊಬ್ಬೆ!

“ಅಯ್ಯೋ ಮಂಕುದಿಣ್ಣೆ! ಬಿಸಿ ಏನೇ ಇರಲಿ, ತಣ್ಣಗಾದ ಮೇಲೇ ಮುಟ್ಟಬೇಕು!”

“ಹೂಂ ಅಮ್ಮ.”

ಅಂದೇ ಮಧ್ಯಾಹ್ನ ಕಸ್ತೂರಿ ಬಂದಳು, ಕಾರಿನ ಕೀ ಆಡಿಸುತ್ತ. ಕಾಫಿ ತಾ ಎಂದರೆ, ತಮ್ಮಯ್ಯ ಲೋಟದ ಮುಂದೆ ಮುಕ್ಕಾಲು ಗಂಟೆ ಕಾದ. ತಣ್ಣಗಾದ ಮೇಲೇ ಮುಟ್ಟಿದ.

“ಏನಕ್ಕಾ, ನಿಮ್ಮ ಕಾಫಿಗೂ ಹೀಟರ್ ಕೆಟ್ಟಿದೆಯಾ?”

ಕಸ್ತೂರಿ ನಗುತ್ತ ಹೋದಳು. ವನಜಾಕ್ಷಮ್ಮನಿಗೆ ಮೈಯೆಲ್ಲ ಉರಿಯಿತು.

“ಅಯ್ಯೋ ಮಂಕುದಿಣ್ಣೆ! ಗಾಡಿ ತಗೊಂಡು ಮೊಯ್ದುವಿನ ಗ್ಯಾರೇಜಿಗೆ ಹೋಗು! ಅವಳ ಕಾರಿನಲ್ಲಿರೋ ಹೀಟರೇ ನನ್ನ ಕಾರಿನಲ್ಲಿ ಇರಬೇಕು! ಅದೇ ಇರಬೇಕು! ಹಳೇದನ್ನ ಕಂಡಲ್ಲಿ ಬಿಸಾಡಬೇಡ, ಒಂದು ಜಾಗ ನೋಡಿ ಇಡು.”

“ಹೂಂ ಅಮ್ಮ.”

ಮೆಕ್ಯಾನಿಕ್ ಮೊಯ್ದು ಡ್ಯಾಶ್‌ಬೋರ್ಡ್ ಬಿಚ್ಚಿ ತೋರಿಸಿದ. ಒಳಗೊಂದು ಪುಟ್ಟ ರೇಡಿಯೇಟರ್, ಹೀಟರ್ ಕೋರ್ ಅಂತ. ಅದೇ ತೂತು; ಇಂಜಿನ್ನಿನ ಸಿಹಿವಾಸನೆಯ ಬಿಸಿನೀರು ಅಲ್ಲಿಂದಲೇ ಸೋರುತ್ತಿತ್ತು. “ಹೊಸದು ತರಿಸೋಣ” ಎಂದ.

“ಬೇಡ. ಅಮ್ಮ ಹೇಳಿದ್ದೇ ಬೇರೆ.”

ತಮ್ಮಯ್ಯ ಸೀದಾ ಕಸ್ತೂರಿಯ ಮನೆಗೆ ಹೋದ. “ಚಿಕ್ಕಮ್ಮ, ಅಮ್ಮನಿಗೆ ನಿಮ್ಮ ಕಾರು ಒಂದು ದಿನ ಬೇಕು.”

“ಅಂತೂ ಕೇಳಿದರಾ!” ಕಸ್ತೂರಿ ಹಿಗ್ಗಿ ಕೀ ಕೊಟ್ಟಳು.

ಮದುವೆಯ ದಿನ ವನಜಾಕ್ಷಮ್ಮನ ಕಾರು ಬಚ್ಚಲೊಲೆಯ ಹಾಗೆ ಬೆಚ್ಚಗಿತ್ತು. ಚಪ್ಪರದ ಮುಂದೆ ಶಾಲೂ ಇಲ್ಲದೆ ಇಳಿದರು. ಹಿಂದೆಯೇ ಬಂದ ಕಸ್ತೂರಿಯ ಕಾರಿನ ಗಾಜಿಗೆಲ್ಲ ಮಂಜು. ಅವಳ ರೇಷ್ಮೆ ಸೀರೆಯ ಅಂಚು ಒದ್ದೆ, ಹಲ್ಲು ಕಟಕಟ.

“ಅಯ್ಯೋ ಪಾಪ! ಹೊಸ ಕಾರಿಗೆ ಏನಾಯ್ತೇ?” ಎಂದರು ವನಜಾಕ್ಷಮ್ಮ, ನಾಲ್ಕು ಜನಕ್ಕೆ ಕೇಳುವ ಹಾಗೆ.

“ನಾನು ಹೇಳ್ತೀನಿ ಚಿಕ್ಕಮ್ಮ!” ತಮ್ಮಯ್ಯ ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೂಗಿದ. “ನಿಮ್ಮ ಹೀಟರ್ ನಮ್ಮ ಕಾರಲ್ಲಿದೆ! ಅಮ್ಮ ಅದೇ ಬೇಕು ಅಂದ್ರು! ನಮ್ಮ ಹಳೇದಕ್ಕೂ ಒಳ್ಳೇ ಜಾಗ ನೋಡಿದೆ, ನಿಮ್ಮ ಕಾರಲ್ಲೇ ಹಾಕಿಸಿದೆ!”

ಆ ವಾರದ ಡೈರಿಯಲ್ಲಿ ಖರ್ಚು ಹೀಗಿದೆ: ಎರಡು ಕಾರು ಬಿಚ್ಚಿ ಜೋಡಿಸಿದ ಮೊಯ್ದುವಿನ ಕೂಲಿ. ಕಸ್ತೂರಿಗೆ ರೇಷ್ಮೆ ಸೀರೆ ಒಂದು. ಕಸ್ತೂರಿಯ ಕಾರಿಗೆ ಹೊಸ ಹೀಟರ್ ಕೋರ್ ಒಂದು. ಒಟ್ಟು ಹನ್ನೊಂದು ಸಾವಿರದ ಆರುನೂರು. ಕೆಳಗೆ ಒಂದು ಸಾಲು: ‘ಹೀಟರಿನಲ್ಲೂ ಹೊಸದು ಅವಳದೇ.’