ಬೋಟಿನ ಉದ್ದ ಹೆಸರು

ಕಡಲಲ್ಲಿ ಬೋಟಿನಿಂದ ಬೋಟಿಗೆ ಮಾತಾಡಲು ಇದ್ದದ್ದು ಕೈಯಲ್ಲಿ ಹಿಡಿಯುವ ವಯರ್‌ಲೆಸ್ ಸೆಟ್ಟು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳುವವರಿಗೆ ಬರೀ ಕರ್ರ್ ಸದ್ದು. ಇಂಜಿನ್ ಕೆಟ್ಟ ಬೋಟೊಂದರ ಕೂಗು ಹೀಗೇ ಯಾರಿಗೂ ಕೇಳದೆ, ಅದು ಬಂಡೆಗೆ ಬಡಿಯುವುದು ಸ್ವಲ್ಪದರಲ್ಲೇ ತಪ್ಪಿತ್ತು.

ಬಂದರಿನ ದೊಡ್ಡ ಧಣಿ ವಾಮನ ತಿಂಗಳಾಯರು ತಮ್ಮ ಬೋಟಿನ ಅಡುಗೆಯವನನ್ನು ಕರೆದರು. ಸೆಟ್ಟು ನೋಡಿಕೊಳ್ಳುವುದೂ ಅವನ ಕೆಲಸವೇ.

"ನಾನು ಮಾತಾಡಿ ಮುಗಿಸುವ ತನಕ ಯಾರೂ ಗುಂಡಿ ಮುಟ್ಟಬಾರದು. ಎಲ್ಲರಿಗೂ ಹೇಳು. ಇಲ್ಲದಿದ್ದರೆ ನಿನ್ನ ಒಲೆ ಕಡಲಿಗೆ!"

ಧಣಿಯ ಮಾತು ಮುಗಿಯುವಷ್ಟರಲ್ಲಿ ಕುಚ್ಚಲಕ್ಕಿ ಬೆಂದಿರುತ್ತದೆ ಎಂದು ಅಡುಗೆಯವನಿಗೆ ಗೊತ್ತು. ಅಷ್ಟರಲ್ಲಿ ಕಷ್ಟದಲ್ಲಿರುವ ಬೋಟೇ ಮುಳುಗೀತು.

"ಆಗಲಿ ಧಣಿ. ಆದರೆ ಅದಕ್ಕೊಂದು ಮರ್ಯಾದೆ ಬೇಡವಾ? ಗುಂಡಿ ಒತ್ತುವ ಮೊದಲು ಪ್ರತಿಯೊಬ್ಬರೂ ಮನಸ್ಸಿನಲ್ಲೇ ತಮ್ಮ ಬೋಟಿನ ಪೂರ್ತಿ ಹೆಸರು ಹೇಳಿಕೊಳ್ಳಲಿ. ಅಷ್ಟರಲ್ಲಿ ಯಾರಾದರೂ ಮಾತು ಶುರುಮಾಡಿದರೆ ಅವರದು ಮುಗಿಯಲಿ, ಆಮೇಲೆ ಮತ್ತೆ ಹೆಸರಿನಿಂದ ಶುರು."

"ಎಲ್ಲಕ್ಕಿಂತ ದೊಡ್ಡ ಹೆಸರು ನಮ್ಮದೇ!" ಎಂದು ಧಣಿ ಹಿಗ್ಗಿ ಒಪ್ಪಿದರು.

ಮರುದಿನ ಕರ್ರ್ ಸದ್ದೇ ಇಲ್ಲ. 'ಗಂಗೆ' ಬೋಟು ಡೀಸೆಲ್ ಕೇಳಿತು, 'ಜಯಶ್ರೀ' ಕೊಡುತ್ತೇನೆಂದಿತು. ಧಣಿ ಮಾತ್ರ ಕಣ್ಣು ಮುಚ್ಚಿ "ಶ್ರೀ ಮತ್ಸ್ಯರಾಜ ಸಮುದ್ರಾಧಿಪತಿ ವಾಮನ ತಿಂಗಳಾಯ ಪ್ರಸನ್ನ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಪ್ರಸನ್ನಕ್ಕೆ ಮುಟ್ಟುವ ಮೊದಲೇ ಇನ್ಯಾರೋ ಮಾತಿಗಿಳಿಯುತ್ತಿದ್ದರು.

ಸಂಜೆ ಧಣಿ ಗುಡುಗಿದರು. "ಹೆಸರು ಗಿಡ್ಡ ಮಾಡಿಸು!"

"ಆಗಲಿ ಧಣಿ. 'ಶ್ರೀ' ಒಂದೇ ಸಾಕು. ಮಿಕ್ಕದ್ದನ್ನು ಅಳಿಸಿಬಿಡಲಾ?"

ಧಣಿ ಬೋಟಿನ ಮೂತಿಯ ಮೇಲಿನ ಅಕ್ಷರಗಳನ್ನು ನೋಡುತ್ತ ನಿಂತರು.

"ಮಿಕ್ಕದ್ದು ನಾನೇ ಅಲ್ವಾ ಮಾರಾಯ! ಇರಲಿ ಬಿಡು, ಕಾಯ್ತೇನೆ."