ಗಂಟೆ ಕೇಳಿಸುವಷ್ಟು ದೂರ

"ಬುದ್ಧಿ, ಊರಿಗೆ ಒಂದು ಗಡಿ ಇದೆ. ನಮ್ಮ ಶಾಲೆಗೆ ಬೇರೆಯದೇ ಒಂದು ಗಡಿ ಇದೆ. ಎರಡೂ ಯಾಕೆ ಒಂದೇ ಆಗಲಿಲ್ಲ?"

ಕೇಳಿದವನು ಮಠದ ಹಳೆಯ ಶಿಷ್ಯ. ಈಗ ಪಕ್ಕದ ಊರಿನಲ್ಲಿ ಮೇಷ್ಟರ ಕೆಲಸ. ಹಿಂದಿನ ದಿನ ಬೆಳಿಗ್ಗೆ ಗಂಟೆ ಹೊಡೆದ ಹೊತ್ತಿಗೆ ಒಂದು ಹೆಣ್ಣುಮಗು ಸ್ಲೇಟು ಹಿಡಿದುಕೊಂಡು ಶಾಲೆಯ ಬಾಗಿಲಿಗೆ ಬಂದಿತ್ತು. ಶಾಲೆಯ ಹಿಂಗೋಡೆಗೆ ಅಂಟಿಕೊಂಡಿರುವ ಕೇರಿಯ ಮಗು. ಆ ಕೇರಿ ಶಾಲೆಯ ಗಡಿಯಿಂದ ಹೊರಗೆ. ಅವನು ಪಟ್ಟಿ ನೋಡಿದ, ಹೆಸರಿಲ್ಲ ಎಂದ, ವಾಪಸು ಕಳಿಸಿದ. ಅದೇ ಹೊತ್ತಿಗೆ ಬೇರೆ ಊರಿನ ಮಕ್ಕಳು ಹಳ್ಳ ದಾಟಿ ಸಾಲಾಗಿ ಒಳಗೆ ಬಂದರು. ಅಂದಿನಿಂದ ಅವನಿಗೆ ಅನ್ನ ಸೇರಿರಲಿಲ್ಲ.

"ತಪ್ಪು ನನ್ನದಲ್ಲ, ಬುದ್ಧಿ. ಗೆರೆ ಹಾಗಿದೆ. ಆದರೆ ಇಂಥ ಸೊಟ್ಟ ಗೆರೆ ಎಳೆದವರು ಯಾರು?"

ಗುರುಗಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮೊರ ಕೆಳಗಿಟ್ಟರು. "ಯಾವ ಗೆರೆಯೂ ಹುಟ್ಟುವಾಗಲೇ ಸೊಟ್ಟಗಿರುವುದಿಲ್ಲ ಕಣಪ್ಪ. ಕೂತುಕೋ, ಹೇಳುತ್ತೇನೆ" ಎಂದರು.

ಒಂದು ಊರು. ಆ ಊರಿನಲ್ಲಿ ಶಾಲೆ ಇರಲಿಲ್ಲ. ಸುತ್ತಮುತ್ತಲೂ ಇರಲಿಲ್ಲ. ಎಲ್ಲರೂ ಸೇರಿ ಒಂದು ಕಟ್ಟಿದರು. ರೈತ ಮರ ಕೊಟ್ಟ. ಕುಂಬಾರ ಹೆಂಚು ಕೊಟ್ಟ. ಕಲ್ಲುಕುಟಿಗ ಕಲ್ಲು ಕಡಿದುಕೊಟ್ಟ. ಗಂಟೆ ತೂಗುಹಾಕಲು ಕಂಬ ಬೇಕಲ್ಲ, ಅದನ್ನೂ ಅವನೇ ಒಂದೇ ಕಲ್ಲಿನಲ್ಲಿ ಕಡಿದು ನಿಲ್ಲಿಸಿದ. ಕೂಲಿ ಕೇಳಲಿಲ್ಲ. ನಾಳೆ ನನಗೊಂದು ಮಗುವಾದರೆ ಇಲ್ಲೇ ಓದುತ್ತದೆ ಎಂದುಕೊಂಡ, ಅಷ್ಟೇ.

ಕಟ್ಟಿದ ಮೇಲೆ, ಯಾವ ಮನೆಗಳ ಮಕ್ಕಳು ಇಲ್ಲಿಗೆ ಬರಬಹುದು ಎಂಬ ಮಾತು ಬಂತು. ಊರಿನ ಗಡಿಕಲ್ಲು ಕಂದಾಯ ವಸೂಲಿಗೆಂದು ನೆಟ್ಟದ್ದು, ಅದನ್ನು ನೋಡಿ ಮಕ್ಕಳನ್ನು ಬೇರೆ ಮಾಡುವುದು ಬೇಡ ಎಂದರು ಹಿರಿಯರು. ಗಂಟೆ ಎಷ್ಟು ದೂರ ಕೇಳಿಸುತ್ತದೋ ಅಷ್ಟು ದೂರ ಶಾಲೆಯ ಗಡಿ ಎಂದು ಕಟ್ಟಳೆ ಮಾಡಿದರು. ಒಳ್ಳೆಯ ಜನ ಕಣಪ್ಪ, ಮನಸ್ಸಿನಲ್ಲಿ ಕಪಟ ಇರಲಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಗಡಿಯನ್ನು ಹೊಸದಾಗಿ ಗೊತ್ತು ಮಾಡಬೇಕು. ಆ ದಿನ ಎಷ್ಟು ಸಲ ಗಂಟೆ ಹೊಡೆಯುತ್ತಾರೆಂದು ಶಾಲೆಯ ಐದು ಜನ ಪಂಚರಿಗೆ ಮಾತ್ರ ತಿಳಿದಿರಬೇಕು. ಪ್ರತಿ ಮನೆಯ ಯಜಮಾನ ಹೊಸ್ತಿಲ ಮೇಲೆ ನಿಂತು ಕೇಳಬೇಕು. ಪಂಚರು ಬಂದಾಗ ಬಾಗಿಲುವಾಡದ ಮೇಲೆ ಕೈಯಿಟ್ಟು, ತನ್ನ ಕಿವಿಗೆ ಎಷ್ಟು ಪೆಟ್ಟು ಕೇಳಿಸಿತೆಂದು ಪ್ರಮಾಣ ಮಾಡಿ ಹೇಳಬೇಕು. ಸರಿಯಾಗಿ ಹೇಳಿದ ಮನೆ ಒಳಗೆ, ಇಲ್ಲದ್ದು ಹೊರಗೆ.

ಮೊದಲ ಸಲ ಕಲ್ಲುಕುಟಿಗರ ಕೇರಿಯ ಹನ್ನೊಂದು ಮನೆಯೂ ಒಳಗೆ ಬಂದವು. ಬಾರದೆ ಏನು? ಶಾಲೆಗೂ ಕೇರಿಗೂ ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಆಮೇಲೆ ಶಾಲೆ ಬೆಳೆಯಿತು. ಹೊಸ ಕೋಣೆ, ಹೊಸ ಜಗಲಿ, ಸುತ್ತಲೂ ಕಾಂಪೌಂಡು. ಕಲ್ಲುಕುಟಿಗ ಹನ್ನೆರಡು ವರ್ಷ ಬೆಳಗಿನಿಂದ ಸಂಜೆಯವರೆಗೆ ಉಳಿಯ ಮೇಲೆ ಸುತ್ತಿಗೆ ಹಾಕಿದ. ಆ ಸದ್ದು ಅವನ ಕಿವಿಯನ್ನು ತಿಂದುಹಾಕಿತು. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಹೆಂಡತಿಯ ಮಾತು, ಆಮೇಲೆ ಗಂಟೆ. ಅವನು ಅದನ್ನು ದೊಡ್ಡದು ಮಾಡಲಿಲ್ಲ. ಆ ಕೇರಿಯಲ್ಲಿ ಎಲ್ಲರೂ ಕೂಗಿಕೊಂಡೇ ಮಾತಾಡುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು, ಹೊನ್ನಿ. ಮೂರನೆಯ ತರಗತಿಯಲ್ಲಿದ್ದಳು. ಸಂಜೆ ಮನೆಗೆ ಬಂದವಳೇ ಕಲ್ಲಿನ ಪುಡಿಯಲ್ಲಿ ಬೆರಳಾಡಿಸಿ ಅಂದು ಕಲಿತ ಅಕ್ಷರ ಬರೆದು ಅಪ್ಪನಿಗೆ ತೋರಿಸುತ್ತಿದ್ದಳು. ಅವನು ಕೆಲಸ ಬಿಟ್ಟು ನೋಡುತ್ತಿದ್ದ. ಅದನ್ನು ಅಳಿಸಲು ಮನಸ್ಸು ಬಾರದೆ ಉಳಿಯನ್ನು ಬೇರೆ ಕಡೆ ಎತ್ತಿಕೊಂಡು ಹೋಗಿ ಕೂರುತ್ತಿದ್ದ.

ಅಷ್ಟರಲ್ಲಿ ಒಬ್ಬ ಸಾಹುಕಾರ ಹಳ್ಳದ ಆಚೆ, ಪಕ್ಕದ ಊರಿನ ಹೊಲ ಕೊಂಡು ಅಲ್ಲಿ ಮನೆಗಳನ್ನು ಎಬ್ಬಿಸಿದ. "ಇಲ್ಲಿಗೆ ಬನ್ನಿ, ಮಕ್ಕಳಿಗೆ ಒಳ್ಳೆಯ ಶಾಲೆ ಸಿಗುತ್ತದೆ" ಎಂದು ಹೇಳಿ ಮಾರಿದ. ಅಲ್ಲಿಗೆ ಗಂಟೆ ಎಲ್ಲಿಂದ ಕೇಳಿಸಬೇಕು? ಗುಡುಗಿದರೆ ಕೇಳಿಸೀತು! ಶಾಲೆಯೂ ತುಂಬಿತ್ತು. ಹೊಸಬರು ಒಳಗೆ ಬರಬೇಕಾದರೆ ಇದ್ದವರು ಹೊರಗೆ ಹೋಗಬೇಕು. ಸಾಹುಕಾರ ಪಂಚರಲ್ಲಿ ಒಬ್ಬ. ಈ ಸಲ ಒಂಬತ್ತು ಪೆಟ್ಟು ಎಂದು ತನ್ನ ಮನೆಗಳವರಿಗೆಲ್ಲ ಹಿಂದಿನ ದಿನವೇ ಹೇಳಿಬಿಟ್ಟ.

ಗಡಿಯ ದಿನ ಗಂಟೆ ಹೊಡೆಯಿತು. ಹಳ್ಳದ ಆಚೆಯ ಯಜಮಾನರೆಲ್ಲ ಬಾಗಿಲುವಾಡ ಮುಟ್ಟಿದರು, "ಒಂಬತ್ತು" ಎಂದರು. ಒಬ್ಬನ ನಾಲಿಗೆಯಾದರೂ ತಡವರಿಸಬೇಕಲ್ಲ! ಊಹೂಂ. ಥೂ, ಎಂಥ ಜನ!

ಕಲ್ಲುಕುಟಿಗನೂ ತನ್ನ ಹೊಸ್ತಿಲ ಮೇಲೆ ಮೈಯೆಲ್ಲ ಕಿವಿಯಾಗಿ ನಿಂತಿದ್ದ. ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೊನ್ನಿ ಅವನ ಅಂಗೈಯ ಮೇಲೆ ಬೆರಳಿನಿಂದ ತಟ್ಟಿದಳು. ಒಂಬತ್ತು ಸಲ ತಟ್ಟಿ ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅವನಿಗೆ ಅರ್ಥವಾಯಿತು. ಪಂಚರು ಎದುರಿಗೆ ಬಂದು ನಿಂತಾಗ ಒಂಬತ್ತು ಎಂಬ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಕಲ್ಲಿನ ಬಾಗಿಲುವಾಡ ಅವನ ಅಪ್ಪ ಕಡಿದದ್ದು. ಅದರ ಮೇಲೆ ಕೈಯಿಟ್ಟು ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ.

"ನನ್ನ ಕಿವಿಗೆ ಕೇಳಿಸಲಿಲ್ಲ ಸ್ವಾಮಿ. ಮಗಳಿಗೆ ಕೇಳಿಸಿತು. ಒಂಬತ್ತು."

"ಮಗಳ ಕಿವಿ ಲೆಕ್ಕಕ್ಕಿಲ್ಲ. ಯಜಮಾನನ ಕಿವಿ ಎಂದೇ ಕಟ್ಟಳೆ" ಎಂದ ಸಾಹುಕಾರ. ಇದನ್ನು ಅವನು ಎರಡು ಸಲ ಕೂಗಿ ಹೇಳಬೇಕಾಯಿತು.

"ಓದುವವಳು ಅವಳಲ್ಲವೇ? ನಾನೇನು ಸ್ಲೇಟು ಹಿಡಿದುಕೊಂಡು ಬರುತ್ತೇನಾ? ಆ ಗಂಟೆಯ ಕಂಬ ನಾನು ಕಡಿದದ್ದು. ಈ ಕಿವಿ ಹೋದದ್ದು ನಿಮ್ಮ ಗೋಡೆಗೆ!"

"ಕೇಳಿಸಲಿಲ್ಲ ಎಂದು ಪ್ರಮಾಣ ಮಾಡಿದವನು ನೀನೇ ಅಲ್ಲವೇನಪ್ಪ" ಎಂದರು ಉಳಿದ ಪಂಚರು. ಬರೆದುಕೊಂಡರು. ಮುಂದಿನ ಮನೆಗೆ ಹೋದರು.

ಹನ್ನೊಂದು ಮನೆಯಲ್ಲೂ ಇದೇ ಆಯಿತು. ಮುಠ್ಠಾಳರು ಅನ್ನು ಬೇಕಾದರೆ, ಒಬ್ಬನೂ ಸುಳ್ಳಾಡಲಿಲ್ಲ. ಶಾಲೆಯ ಗಡಿ ಹಿಂಗೋಡೆಯ ಹತ್ತಿರ ನಿಂತು, ಕೇರಿಯನ್ನು ಬಿಟ್ಟು ಬಳಸಿಕೊಂಡು, ಊರಿನ ಗಡಿಕಲ್ಲು ದಾಟಿ, ಹಳ್ಳ ಹಾರಿ, ಸಾಹುಕಾರನ ಮನೆಗಳನ್ನೆಲ್ಲ ತಬ್ಬಿಕೊಂಡು ಬಂತು. ನಕ್ಷೆಯಲ್ಲಿ ಅದನ್ನು ನೋಡಿದವರು, ಹಿಂದಿನವರು ಏನೋ ಯೋಚನೆ ಮಾಡಿಯೇ ಹಾಕಿದ್ದಾರೆ ಎಂದು ತಲೆಯಾಡಿಸುತ್ತಾರೆ. ಯೋಚನೆಯಂತೆ, ಯೋಚನೆ!

ಮಾರನೆಯ ದಿನ ಗಂಟೆ ಹೊಡೆದಾಗ ಹೊನ್ನಿ ಸ್ಲೇಟು ಎತ್ತಿಕೊಂಡು ಎದ್ದಳು. ಅಪ್ಪ ಕೈ ಹಿಡಿದು ಕೂರಿಸಿದ. ಅವಳ ಪಾಲಿಗೆ ಬಂದ ಶಾಲೆ ಗುಡ್ಡದ ಆಚೆಗಿತ್ತು. ನಾಲ್ಕು ದಿನ ನಡೆದಳು. ಐದನೆಯ ದಿನ ಕಾಲು ಬಾತುಕೊಂಡಿತು. ಆರನೆಯ ದಿನ ಅಪ್ಪನ ಪಕ್ಕದಲ್ಲಿ ಜಲ್ಲಿ ಒಡೆಯಲು ಕೂತಳು. ಗಂಟೆ ಕೇಳಿಸಿದಾಗಲೆಲ್ಲ ಸುತ್ತಿಗೆ ನಿಲ್ಲಿಸುತ್ತಿದ್ದಳು. ವರ್ಷಗಳು ಕಳೆದ ಹಾಗೆ ನಿಲ್ಲಿಸುವುದು ಕಡಿಮೆಯಾಯಿತು. ಮುಂದಿನ ಗಡಿಯ ದಿನ ಬಂದಾಗ ಅಪ್ಪ ಇರಲಿಲ್ಲ, ಅವಳೇ ಆ ಮನೆಯ ಯಜಮಾನಿ. ಹೊಸ್ತಿಲ ಮೇಲೆ ನಿಂತು, ಬಾಗಿಲುವಾಡ ಮುಟ್ಟಿ, "ಕೇಳಿಸಲಿಲ್ಲ" ಎಂದಳು. ಅವಳು ಹೇಳಿದ್ದೂ ನಿಜವೇ ಆಗಿತ್ತು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು.

"ಎಂಥ ಅನ್ಯಾಯ, ಬುದ್ಧಿ! ಆ ಪಂಚರಿಗೆ ಕಣ್ಣಿರಲಿಲ್ಲವೇ? ಮಗು ಎದುರಿಗೇ ನಿಂತಿತ್ತಲ್ಲ! ನಾನು ಅಲ್ಲಿದ್ದಿದ್ದರೆ ಆ ಪಟ್ಟಿಯನ್ನು ಹರಿದುಹಾಕಿ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದೆ."

ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ನಿನ್ನೆ ಸ್ಲೇಟು ಹಿಡಿದು ನಿನ್ನ ಬಾಗಿಲಿಗೆ ಬಂದಿತ್ತಲ್ಲ ಆ ಮಗು, ಅದು ಗಂಟೆ ಕೇಳಿಸದೆ ಬಂದಿತ್ತೇನಪ್ಪ?"